ಆರು ಅಡಿ ನಾಲ್ಕು ಇಂಚಿನ ಗಾಳದ ಕೋಲು

ಹೊಲಿಗೆ ಕೋಣೆ
ಸೋಮವಾರ, ಮಾರ್ಚ್ ೧೦, ಬೆಳಗಿನ ಹತ್ತು ಗಂಟೆ

ಪ್ರೀತಿಯ ತಮ್ಮನಿಗೆ (ಪ್ರೀತಿಯ ಎಂದು ಬರೆದದ್ದು ಬರೀ ಕೈಯ ಅಭ್ಯಾಸ, ಅದಕ್ಕೆ ಹೆಚ್ಚು ಅರ್ಥ ಹಚ್ಚಬೇಡ),

ಸಮಸ್ತರಿಗೂ, ಮುಖ್ಯವಾಗಿ ಮುಖ ಊದಿಸಿಕೊಂಡು ಮನೆ ಬಿಟ್ಟು ಹೋದವರಿಗೆ, ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಿನ್ನೆ ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಸರಿಯಾಗಿ, ನಮ್ಮ ಮನೆತನದ ಇತಿಹಾಸದಲ್ಲೇ ಮೊದಲ ಬಾರಿಗೆ, ದರ್ಜಿಯೊಬ್ಬಳ ಕೈಯಲ್ಲಿ ಆರು ಅಡಿ ನಾಲ್ಕು ಇಂಚಿನ ಗಾಳದ ಕೋಲೊಂದು ಸಂಪೂರ್ಣಗೊಂಡಿತು. ಬ್ಯಾಂಡು ಬಾರಿಸಲು ಯಾರೂ ಬರಲಿಲ್ಲ. ಪಕ್ಕದ ಮನೆಯ ಬೆಕ್ಕು ಬಂದು, ವಾರ್ನಿಷ್ ಮೂಸಿ, ಎರಡು ಸಲ ಸೀನಿ ಹೋಯಿತು. ನೀನು ಆರೋಗ್ಯವೇ? ಮಂಡಿ ನೋವು ಹೇಗಿದೆ? ಹೊತ್ತು ಹೊತ್ತಿಗೆ ತಿನ್ನುತ್ತಿದ್ದೀಯಾ? ಇವೆಲ್ಲ ಕಾಗದದ ಕ್ರಮಕ್ಕಾಗಿ ಕೇಳಿದ ಪ್ರಶ್ನೆಗಳು, ನನಗೆ ಇವುಗಳಲ್ಲಿ ಸ್ವಂತ ಆಸಕ್ತಿಯೇನೂ ಇಲ್ಲ.

ಐದು ತಿಂಗಳ ಹಿಂದೆ ನೀನು ಇದೇ ಕೋಣೆಯ ನಡುವೆ ನಿಂತು, ಅಪ್ಪ ಹರೆಯದಲ್ಲಿ ತಾವೇ ಕಟ್ಟಿಕೊಂಡಿದ್ದ ಬಿದಿರಿನ ಕೋಲನ್ನು ಬೀಸುತ್ತಾ, "ಅಕ್ಕಾ, ಮಣಿಕಟ್ಟು ನೋಡು, ಮಣಿಕಟ್ಟು" ಎಂದು ಪಾಠ ಹೇಳುತ್ತಿದ್ದದ್ದು ನೆನಪಿದೆಯಷ್ಟೆ? ತಲೆಯ ಮೇಲಿನ ಫ್ಯಾನಿಗೆ ನಿನ್ನ ಮಣಿಕಟ್ಟಿನಲ್ಲಿ ನಂಬಿಕೆ ಇರಲಿಲ್ಲ. ಕೋಲಿನ ತುದಿ ಮೂರು ತುಂಡಾಯಿತು, ಒಂದು ತುಂಡು ನನ್ನ ಗುಂಡಿಯ ಡಬ್ಬಿಗೇ ಬಂದು ಬಿತ್ತು. ಅಪ್ಪ ಬಂದರು, ತುಂಡುಗಳನ್ನು ನೋಡಿದರು, "ಇದನ್ನ ಮುರಿದವನ ಮುಖ ನಂಗೆ ತೋರಿಸ್ಬೇಡಿ" ಎಂದರು. ನೀನು "ಫ್ಯಾನ್ ಹಾಕಿದ್ದು ನಾನಲ್ಲ" ಎಂದೆ. ಅಪ್ಪ ನನ್ನ ಕಡೆ ತಿರುಗಿದರು. "ನಾನು ಇಸ್ತ್ರಿ ಮಾಡ್ತಿದ್ದೆ, ನಂಗೇನು ಗೊತ್ತು" ಎಂದೆ. ಅದನ್ನೆಲ್ಲ ಈಗ ಕೆದಕುವುದು ಬೇಡ. ಮಾರನೆಯ ದಿನ ನೀನು ಹೊರಟೆ. ಸಿಟ್ಟು ಬಂದವರು ಬಟ್ಟೆಬರೆ ಒಯ್ಯುತ್ತಾರೆ, ನೀನು ಗಾಳದ ದಾರ ಸುತ್ತುವ ಅಪ್ಪನ ರೀಲು ಒಯ್ದೆ. ಕೋಲು ನಾನೇ ಕಟ್ಟುತ್ತೇನೆ ಎಂದು ಬರೆದರೆ ನೀನು ಕಳಿಸಿದ ಉತ್ತರ ಒಂದೇ ಸಾಲು: "ಗುಂಡಿ ಹೊಲಿಯೋಳಿಗೆ ಕೋಲಿನ ಉಸಾಬರಿ ಯಾಕೆ?" ಆ ಕಾಗದ ವ್ಯರ್ಥವಾಗಲಿಲ್ಲ, ಕತ್ತರಿಯ ಎಣ್ಣೆ ಒರೆಸಲು ಬಹಳ ಅನುಕೂಲವಾಯಿತು.

ಈಗ ಗುಂಡಿ ಹೊಲಿಯುವವಳ ಸಾಧನೆ ಕೇಳು. ಅಂಗಡಿಯವನು ತೋರಿಸಿದ್ದೆಲ್ಲ ಒಂಬತ್ತು ಅಡಿಯವು. ಅಪ್ಪ ಮೀನು ಹಿಡಿಯುವ ತೊರೆ ಎಷ್ಟಗಲ? ಎರಡು ಮಂಚ ಜೋಡಿಸಿದಷ್ಟು. ಮೇಲೆಲ್ಲ ಕೊಂಬೆಗಳ ಚಪ್ಪರ. ಅಲ್ಲಿ ಒಂಬತ್ತು ಅಡಿಯ ಕೋಲು ಬೀಸಿದರೆ ಮೀನು ಸಿಗುವುದಿಲ್ಲ, ಹಕ್ಕಿಗೂಡು ಸಿಗುತ್ತದೆ. ಹಾಗಾಗಿ ಹಿಡಿಯಿಲ್ಲದ, ಬಳೆಯಿಲ್ಲದ ಬರೀ ಮೈಯ ಗಿಡ್ಡ ಕೋಲೊಂದನ್ನು ತಂದೆ. ಕೈಗವಸು ಹೊಲಿಯುತ್ತೇನೆಂದು ಸುಳ್ಳು ಹೇಳಿ ಅಪ್ಪನ ಅಂಗೈಗೆ ಟೇಪು ಹಿಡಿದೆ. ನನ್ನ ಅಳತೆ ಪುಸ್ತಕದಲ್ಲಿ ಬ್ಯಾಂಕಿನ ಗುಮಾಸ್ತರ ಸೊಂಟಕ್ಕೂ ಡ್ರಿಲ್ ಮಾಸ್ತರರ ಕೊರಳಿಗೂ ನಡುವೆ 'ಅಪ್ಪ, ಅಂಗೈ, ಮೂರೂಕಾಲು' ಎಂದು ಬರೆದಿದೆ. ಕಾರ್ಕಿನ ಬಿಲ್ಲೆಗಳನ್ನು ಒಂದರ ಮೇಲೊಂದು ಅಂಟಿಸಿ, ಉಜ್ಜಿ ಉಜ್ಜಿ ಹಿಡಿ ಮಾಡಿದೆ. ಅವರ ಹೆಬ್ಬೆರಳು ಈಗ ನಡುಗುತ್ತದೆ, ಆದ್ದರಿಂದ ಅದು ಜಾರದೆ ಕೂರಲೆಂದು ಹಿಡಿಯ ಮೇಲೆ ಸಣ್ಣದೊಂದು ಗುಳಿ ತೋಡಿದೆ. ದಾರ ಹಾಯುವ ಏಳು ಬಳೆಗಳನ್ನು ಕೋಲಿಗೆ ರೇಷ್ಮೆ ಎಳೆಯಿಂದ ಸುತ್ತಿ ಕಟ್ಟಬೇಕು. ಎಳೆ ಬಿಗಿಯಾಗಿ ಬರಲೆಂದು ಅದನ್ನು ಹೊಲಿಗೆ ಯಂತ್ರದ ಬಿಗಿತದ ಬಿಲ್ಲೆಗಳ ನಡುವೆ ಹಾಯಿಸಿ ಸುತ್ತಿದೆ. ಒಂದು ಎಳೆಯ ಪಕ್ಕ ಇನ್ನೊಂದು, ನಡುವೆ ಕೂದಲೂ ತೂರುವುದಿಲ್ಲ. ನಿನ್ನ ಕೈಯಲ್ಲಿ ಇದು ಏಳು ಜನ್ಮಕ್ಕೂ ಆಗದು.

ಒಂದು ತಪ್ಪಾಯಿತು, ಅದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ನೀನು ಹೇಗೂ ಹುಡುಕುತ್ತೀಯ. ಪ್ರತಿ ಕೋಲಿಗೂ ಒಂದು ಗಡಸು ಮಗ್ಗುಲು ಇರುತ್ತದೆ. ಕೋಲನ್ನು ಬಾಗಿಸಿ ಉರುಳಿಸಿದರೆ ಅದು ಟಕ್ಕನೆ ಹೊರಳಿ ತನಗೆ ಬೇಕಾದ ಮಗ್ಗುಲಿಗೆ ನಿಲ್ಲುತ್ತದೆ, ಥೇಟ್ ನಿನ್ನ ಹಾಗೆ. ಬಳೆ ಕಟ್ಟುವ ಮೊದಲು ಅದನ್ನು ಗುರುತಿಸಬೇಕು. ಮಖಮಲ್ಲಿನ ರೋಮ ಎತ್ತ ಒರಗಿದೆಯೆಂದು ನೋಡದೆ ಕತ್ತರಿ ಹಾಕುವವರಿಗೆಲ್ಲ ಪಾಠ ಹೇಳುವ ನಾನು, ಕೋಲಿನ ಮಗ್ಗುಲು ನೋಡದೆ ಏಳು ಬಳೆಯನ್ನೂ ಸುತ್ತಿಬಿಟ್ಟಿದ್ದೆ. ಅಂಗಳದಲ್ಲಿ ದಾರ ಕಟ್ಟಿ ಬೀಸಿದರೆ ಕೋಲು ಕೈಯಲ್ಲೇ ತಿರುಚಿಕೊಂಡಿತು. ಕೊಕ್ಕೆಗೆ ಗರಿ ಸುತ್ತಿ ಮಾಡಿದ ಸುಳ್ಳು ನೊಣ ಇದೆಯಲ್ಲ, ಮೀನು ನಿಜವೆಂದು ನಂಬಬೇಕಾದದ್ದು, ಅದು ನೇರ ಹೋಗಿ ಪಕ್ಕದ ಮನೆಯವರು ಒಣಹಾಕಿದ್ದ ಹೊದಿಕೆಗೆ ಕಚ್ಚಿಕೊಂಡಿತು. ಮೂರು ದಿನದ ಸುತ್ತನ್ನು ಇಪ್ಪತ್ತು ನಿಮಿಷದಲ್ಲಿ ಬಿಚ್ಚಿದೆ. ನೀನಿದ್ದಿದ್ದರೆ ಹೀಯಾಳಿಸುತ್ತಿದ್ದೆ. ಇಲ್ಲದ್ದರಿಂದ ನನ್ನನ್ನು ನಾನೇ ಬೈದುಕೊಳ್ಳಬೇಕಾಯಿತು, ಅದೂ ನಿನ್ನ ದನಿಯಲ್ಲಿ.

ಅಪ್ಪನ ವಿಷಯ. ಗುರುವಾರದಿಂದ ಅವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಬೇಕಾದ್ದನ್ನೆಲ್ಲ ಗೋಡೆಗೆ ಹೇಳುತ್ತಾರೆ. "ಮನೇಲಿ ಯಾರಾದ್ರೂ ಇದ್ರೆ ನೀರು ಕೊಡ್ಲಿ." ಕೊಡುತ್ತೇನೆ, ಲೋಟ ತುಟಿಗೆ ತಲುಪುವಷ್ಟರಲ್ಲಿ ಅರ್ಧ ಅಂಗಿಯ ಮೇಲೆ. ಮೊನ್ನೆ ಅದೇ ಗೋಡೆಗೆ, "ಈ ಬೇಸಿಗೆಗೆ ಕೈ ನಡೆಯುತ್ತೆ, ಮುಂದಿನ ಬೇಸಿಗೆ ಗೊತ್ತಿಲ್ಲ" ಎಂದರು. ನಿನ್ನೆ ಕೊನೆಯ ವಾರ್ನಿಷ್ ಬಳಿದು ಕೋಲನ್ನು ಮೂಲೆಯಲ್ಲಿ ಒಣಗಲು ಬಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಹಿಡಿಯ ಮೇಲಿನ ಸುತ್ತಿನಲ್ಲಿ ಒಂದು ಬೆರಳಚ್ಚು. ನನ್ನದಲ್ಲ, ಬೆಕ್ಕಿನದೂ ಅಲ್ಲ. ಅದನ್ನು ಒರೆಸದೆ ಹಾಗೇ ಬಿಟ್ಟಿದ್ದೇನೆ.

ಇದನ್ನೆಲ್ಲ ಓದಿ, ಅಕ್ಕನಿಗೆ ನನ್ನ ನೆನಪು ಕಾಡುತ್ತಿದೆ ಎಂದು ಉಬ್ಬಬೇಡ. ನಿನ್ನ ಮಂಚದ ಮೇಲೆ ಬಟ್ಟೆಯ ಥಾನುಗಳಿವೆ. ನಿನ್ನ ತಲೆದಿಂಬಿಗೆ ಗುಂಡುಸೂಜಿ ಚುಚ್ಚಿಡುತ್ತೇನೆ, ದಿನಕ್ಕೆ ನೂರಾದರೂ ಆಗುತ್ತದೆ, ಮನಸ್ಸಿಗೆ ಬಹಳ ಸಮಾಧಾನ.

ಮೈ ನೋಡಿಕೊಂಡಿರು. ನಿನ್ನ ಮೇಲಿನ ಸಿಟ್ಟು ಇಲ್ಲಿ ಕ್ಷೇಮ.

ಇತಿ,
ಗುಂಡಿ ಹೊಲಿಯುವ
ನಿನ್ನ ಅಕ್ಕ

ತಾ.ಕ.: ಅಂಚೆಯವನ ಸೈಕಲ್ಲು ಬೀದಿಯ ತುದಿಗೆ ಬಂತು, ಬೇಗ ಹೇಳುತ್ತೇನೆ. ಅವತ್ತು ಫ್ಯಾನ್ ಹಾಕಿದ್ದು ನಾನು. ಇಸ್ತ್ರಿಯ ಸೆಕೆ. ನೀನು ಎರಡು ಸಲ "ಅಕ್ಕಾ, ಸ್ವಿಚ್ಚು ಮುಟ್ಬೇಡ" ಎಂದಿದ್ದೆ, ಎರಡು ಸಲವೂ ಕೇಳಿಸಿತ್ತು. ಗುರುವಾರ ಅಪ್ಪನಿಗೆ ಹೇಳಿದೆ. "ಐದು ತಿಂಗಳು" ಎಂದರು, ಅಷ್ಟೇ. ಆಮೇಲೆ ಗೋಡೆಯ ಕಡೆ ತಿರುಗಿದರು. ಇವತ್ತು ಬೆಳಿಗ್ಗೆ ಅದೇ ಗೋಡೆಗೆ, "ರೀಲು ಇಟ್ಕೊಂಡಿರೋನು ಯಾವಾಗ ಬರ್ತಾನಂತೆ?" ಎಂದು ಕೇಳಿದರು. ಗೋಡೆಗೆ ಗೊತ್ತಿರಲಿಲ್ಲ, ನನಗೂ ಗೊತ್ತಿಲ್ಲ. ರೀಲು ಕೂರುವ ಜಾಗವನ್ನು ಅಂದಾಜಿನ ಮೇಲೆ ಮಾಡಿದ್ದೇನೆ, ಸರಿಹೊಂದುತ್ತದೋ ಇಲ್ಲವೋ ಕೂರಿಸಿಯೇ ನೋಡಬೇಕು. ಬರುವಾಗ ರೀಲು ತಾ. ಹಿಡಿಕೆ ಮುರಿಯದಂತೆ ಕಾಲುಚೀಲದೊಳಗೆ ಹಾಕಿ ತಾ, ಒಗೆದ ಕಾಲುಚೀಲದೊಳಗೆ.