ಬಂಡೆಯ ಮೇಲಿನ ಗೊರಸು

ಮಂಗಳೂರು, ೧೪-೨-೧೯೩೭, ಭಾನುವಾರ

ಹಳೇಬೀಡಿನಲ್ಲಿರುವ ಅಪ್ಪಯ್ಯನವರಿಗೆ ನಿಂಗರಾಜನ ನಮಸ್ಕಾರ.

ಬಿಕ್ಕೋಡು ಎಸ್ಟೇಟಿನ ಕಾಫಿ ಮೂಟೆಗಳ ಜೊತೆ ಇಲ್ಲಿಗೆ ಬಂದು ಎಂಟು ದಿನವಾಯಿತು. ಕುಚ್ಚಲಕ್ಕಿ ಅನ್ನ ಉಂಡು ಹೊಟ್ಟೆ ಕೆಟ್ಟಿತ್ತು, ಈಗ ಸರಿಯಾಗಿದೆ. ಇವತ್ತು ರಜ. ನಾಲ್ಕು ಜನ ಸೇರಿ ದೋಣಿ ಮಾಡಿಕೊಂಡು ಸಮುದ್ರದ ದಂಡೆಯ ಒಂದು ಹಳೇ ಕೋಟೆ ನೋಡಿಬಂದೆವು. ದೋಣಿಯ ಮುದುಕ ಅಲ್ಲಿನ ಬಂಡೆಯಲ್ಲಿದ್ದ ಗುಳಿ ತೋರಿಸಿ, "ಇದು ಉಂಟಲ್ಲ, ರಾಜನ ಕುದುರೆ ಸಮುದ್ರಕ್ಕೆ ಹಾರುವಾಗ ಊರಿದ ಗೊರಸು" ಎಂದ. ನೋಡಿದರೆ ಅದು ಭತ್ತ ಕುಟ್ಟುವ ಒರಳು.

ಹೋದ ವರ್ಷ ನೀವು ಗುಡಿ ತೋರಿಸಲು ಗಾಡಿಯಲ್ಲಿ ಕರೆತಂದಿದ್ದ ಮೈಸೂರಿನವರಿಗೆ ನಮ್ಮ ಕೆರೆ ಏರಿಯ ಬಂಡೆಯ ಗುಳಿ ತೋರಿಸಿ, ಬಲ್ಲಾಳರಾಯನ ಕುದುರೆಯ ಗೊರಸು ಎಂದಿರಿ. "ಅದು ಒರಳು ಕಣಪ್ಪಯ್ಯ, ಯಾಕೆ ಸುಳ್ಳು ಹೇಳ್ತೀಯ" ಎಂದು ನಾನು ಬೇರೆ ಗಾಡಿಯವರೆಲ್ಲರೆದುರು ನಕ್ಕುಬಿಟ್ಟೆ. ಅಂದಿನಿಂದ ನೀವು ಅಲ್ಲಿ ಗಾಡಿಯನ್ನೇ ನಿಲ್ಲಿಸುತ್ತಿಲ್ಲ.

ಇಲ್ಲಿ ನನ್ನ ಜೊತೆಯವರು ಬಗ್ಗಿ ಗುಳಿಯನ್ನು ಮುಟ್ಟಿ ಮುಟ್ಟಿ ನೋಡಿದರು. ಮುದುಕನ ಮುಖ ಅರಳಿತ್ತು. "ನಿಮ್ಮ ಊರಲ್ಲಿ ಇಂಥದ್ದು ಉಂಟಾ?" ಎಂದು ನನ್ನನ್ನು ಕೇಳಿದ.

"ಐತೆ. ನಮ್ಮ ಕುದುರೆ ಇನ್ನೂ ದೊಡ್ಡದು" ಎಂದೆ.

ಕಾರ್ಡಿನಲ್ಲಿ ಜಾಗ ಮುಗಿಯಿತು. ಇದನ್ನು ಓದಿ ಹೇಳುವ ಮೇಷ್ಟ್ರೇ, ಮನೆಯೊಳಗೆ ಕೂತು ಓದಬೇಡಿ. ಗಾಡಿಗಳು ನಿಲ್ಲುವ ಕಡೆ ಅಪ್ಪಯ್ಯನನ್ನು ಕರೆದು, ಎಲ್ಲರಿಗೂ ಕೇಳುವಂತೆ ಓದಿ.