ಬುಟ್ಟಿಯೊಳಗಿನ ಬೆರಳು

ಕಂಫೇಂಗ್‌ಫೆತ್
ಜುಲೈ 1, ಬುದ್ಧ ವರ್ಷ 2541

ಮಗು ಕ್ಲಾ,

ಚೆನ್ನಾಗಿದ್ದೀಯಾ? ಮಂತ್ರಗಳೆಲ್ಲ ಬಾಯಿಪಾಠ ಆದವೇ? ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಭಾನುವಾರ ನೀನು ಭಿಕ್ಷುವಾಗುತ್ತೀ. ಆಮೇಲೆ ನಿನ್ನ ತಲೆ ಸವರುವಂತಿಲ್ಲ, ‘ನೀನು’ ಎನ್ನುವಂತಿಲ್ಲ. ಅದಕ್ಕೇ ಈ ಕಾಗದದಲ್ಲಿ ಮನಸಾರೆ ಮಗು ಎನ್ನುತ್ತಿದ್ದೇನೆ.

ದೊಡ್ಡಮ್ಮನ ಮನೆಗೆ ಹೋಗುತ್ತೇನೆ ಎಂದದ್ದು ಸುಳ್ಳು. ಆರು ದಿನದಿಂದ ಒಬ್ಬಳೇ ಹಳೆಯ ಗುಡಿಗಳನ್ನು ಸುತ್ತುತ್ತಿದ್ದೇನೆ. ನಮ್ಮ ಪೂಜೆಯ ಹಲಗೆಯ ಮೇಲಿನ ಕಲ್ಲಿನ ಬೆರಳು ಗೊತ್ತಲ್ಲ, ಅದು ಬುದ್ಧದೇವರ ಬೆರಳು. ನೀನು ಹುಟ್ಟುವ ಮುಂಚೆ ನಿನ್ನಪ್ಪ ಈ ಸೀಮೆಯ ಯಾವುದೋ ಪಾಳುಗುಡಿಯಿಂದ ಮುರಿದು ತಂದದ್ದು. ಯಾವ ಗುಡಿ ಎಂದು ಹೇಳದೆ ತೀರಿಕೊಂಡರು. ಅವರ ಪುಣ್ಯಕ್ಕೆಂದೇ ನೀನು ಭಿಕ್ಷುವಾಗುವಾಗ ಕದ್ದ ಬೆರಳು ಮನೆಯಲ್ಲಿರಬಾರದು.

ಸಿಕ್ಕಿಬಿದ್ದರೆ ಜೈಲು. ಅದಕ್ಕೆ ಬೆರಳನ್ನು ಬಾಳೆಲೆಯಲ್ಲಿ ಸುತ್ತಿ ಬುಟ್ಟಿಯ ತಳದಲ್ಲಿಟ್ಟು, ಮೇಲೆ ಅಂಟನ್ನ ತುಂಬಿದೆ. ದೇವರ ಅಂಗ ಸೊಂಟದ ಕೆಳಗೆ ಇಳಿಯಬಾರದಲ್ಲ, ಬಸ್ಸಿನಲ್ಲೂ ಎದೆಗೆ ಅವಚಿಕೊಂಡೇ ಕೂತೆ. ಬೆರಳಿನ ಮುರಿದ ತುದಿಯ ಸುತ್ತಳತೆಗೆ ಒಂದು ದಾರ ಕತ್ತರಿಸಿಕೊಂಡಿದ್ದೆ. ನಿನ್ನೆಯವರೆಗೆ ಹನ್ನೊಂದು ಗುಡಿ ಆಯಿತು. ಬೆರಳಿಲ್ಲದ ಬುದ್ಧರು ಎಷ್ಟೊಂದು, ಮಗು. ಯಾವುದಕ್ಕೂ ದಾರ ಹೊಂದಲಿಲ್ಲ.

ಇವತ್ತು ಬೆಳಿಗ್ಗೆ ಕಾಡಿನ ಗುಡಿಯೊಂದರ ಬಾಗಿಲಲ್ಲಿ ಕಾವಲುಗಾರ ತಡೆದ.

“ಏನಕ್ಕ, ಒಬ್ಬಳೇ? ಒಂದನೇ ತಾರೀಖು, ಲಾಟರಿ ಡ್ರಾ ಅಂತ ದೇವ್ರ ಹತ್ರ ನಂಬರ್ ಕೇಳೋಕೆ ಬಂದ್ಯಾ? ಇಪ್ಪತ್ತು ವರ್ಷದಿಂದ ಕಾಯ್ತಿರೋ ನಂಗೇ ಈ ದೇವ್ರು ಒಂದೂ ಹೇಳಿಲ್ಲ.”

ಬುಟ್ಟಿಯನ್ನು ಇನ್ನಷ್ಟು ಎದೆಗೊತ್ತಿಕೊಂಡೆ.

“ಬುಟ್ಟೀಲಿ ಏನು?”

“ಅನ್ನ.”

“ಹಂಗಾದ್ರೆ ಒಂದು ತುತ್ತು ಕೊಡು. ಬೆಳಿಗ್ಗೆಯಿಂದ ಬರೀ ಹೊಟ್ಟೆ.”

ಕೇಳಿದವರಿಗೆ ಅನ್ನ ಇಲ್ಲ ಎಂದವರು ನಮ್ಮಲ್ಲಿ ಯಾರಿದ್ದಾರೆ? “ಹಳಸಿದೆ” ಎಂದುಬಿಟ್ಟೆ. ಅವನ ಮುಖ ಬದಲಾಯಿತು.

“ತೆಗಿ” ಎಂದ.

ಮುಚ್ಚಳ ತೆಗೆದೆ. ಅವನ ಕೈ ಅನ್ನದೊಳಗೆ ಇಳಿದು, ತಳ ಮುಟ್ಟಿ, ಅಲ್ಲೇ ನಿಂತಿತು. ಭಾನುವಾರ ನಿನ್ನ ತಲೆ ಬೋಳಿಸುವಾಗ ಮೊದಲ ಕೂದಲು ಕತ್ತರಿಸಲು ತಾಯಿ ಇರುವುದಿಲ್ಲ ಎಂಬುದೊಂದೇ ನನ್ನ ತಲೆಯಲ್ಲಿ.

ಅವನು ನಿಧಾನವಾಗಿ ಒಂದು ಉಂಡೆ ತೆಗೆದು ಬಾಯಿಗಿಟ್ಟುಕೊಂಡ.

“ಹಳಸಿಲ್ಲ ಬಿಡಕ್ಕ. ಆದ್ರೆ ಕಲ್ಲಿದೆ. ಒಳಗೆ ಹೋಗಿ ಆರಿಸಿಟ್ಟು ಬಾ. ಮೂರನೇ ದೇವ್ರ ಎಡಗೈ ನೋಡು, ಅದಲ್ಲದಿದ್ರೆ ಹಿಂದಿನ ದೊಡ್ಡದು. ಅರ್ಧ ಅನ್ನ ಇಲ್ಲಿ ಹಾಕು. ನಾನು ತಿನ್ನೋದು ನಿಧಾನ.”

ಮೂರನೆಯದಕ್ಕೇ ದಾರ ಹೊಂದಿತು. ಬೆರಳನ್ನು ಆ ದೇವರ ಮಡಿಲಲ್ಲಿಟ್ಟು, ಮೂರು ಸಲ ಅಡ್ಡಬಿದ್ದು ಬಂದೆ. ನಾಳೆ ಬಸ್ಸು ಹತ್ತುತ್ತೇನೆ. ಕತ್ತರಿ ಹರಿತ ಮಾಡಿಸಿಡಲು ಚಿಕ್ಕಪ್ಪನಿಗೆ ಹೇಳು.

ಬುದ್ಧ, ಧರ್ಮ, ಸಂಘ ನಿನ್ನ ನೆತ್ತಿಗೆ ನೆರಳಾಗಿರಲಿ.

ನಿನ್ನ ಅಮ್ಮ,
ಸಂಗ್ವಾನ್

ಮತ್ತೊಂದು ಮಾತು: ಅಪ್ಪ ಹೇಳದೆ ಹೋದರು ಎಂದು ಮೇಲೆ ಬರೆದೆ. ನಿಜವಲ್ಲ. ಹಾಸಿಗೆ ಹಿಡಿದಾಗ ಮೂರು ಸಲ ಆ ಗುಡಿಯ ಹೆಸರು ಹೇಳಲು ನೋಡಿದರು. “ವಾಪಸ್ ಇಟ್ಟು ಬಾರೇ” ಎಂದು ನನಗೆ ಕೈಮುಗಿದರು. ನಾನೇ ಅವರ ಬಾಯಿಗೆ ಕೈ ಅಡ್ಡ ಹಿಡಿದೆ. ಎಂಟು ವರ್ಷ ಬರಿದಾಗಿದ್ದ ನನ್ನ ಹೊಟ್ಟೆಯಲ್ಲಿ ನೀನು ಮೂಡಿದ್ದು ಆ ಬೆರಳು ಮನೆಗೆ ಬಂದ ಮೇಲೆ. ಅದು ಹೋದರೆ ನೀನೂ ಹೋಗುತ್ತೀ ಎಂದು ಹೆದರಿದೆ. ಅವರು ಆ ಸಂಕಟದಲ್ಲೇ ಕಣ್ಣು ಮುಚ್ಚಿದರು. ಭಿಕ್ಷುವಾದ ಮಗನ ಹಳದಿ ಬಟ್ಟೆಯ ಸೆರಗು ಹಿಡಿದು ತಾಯಿ ಸ್ವರ್ಗ ಸೇರುತ್ತಾಳಂತಲ್ಲ. ಆ ಸೆರಗನ್ನು ಮೊದಲು ಅಪ್ಪನ ಕೈಗೆ ಕೊಡು. ಉಳಿದರೆ ನನಗೆ.