ಕಾರಿಗೆ ಎಣ್ಣೆಸ್ನಾನ

ಚಿಕ್ಕಬಾಣಾವರ
೨೭ ಮಾರ್ಚ್ ೨೦೧೧

ಪ್ರೀತಿಯ ಸೊಸೆ ಭಾವನಾ,

ಎದುರಿಗೆ ನಿಂತು ಹೇಳಲು ಧೈರ್ಯವಿಲ್ಲದೆ ಈ ಕಾಗದವನ್ನು ನಿನ್ನ ಕಾರಿನ ವೈಪರಿಗೆ ಸಿಕ್ಕಿಸಿದ್ದೇನೆ. ಪೂರ್ತಿ ಓದು. ಆಮೇಲೆ ಎಡಗಡೆ ಬಾಗಿಲು ನೋಡು.

ನೀನು ದುಡಿದು ಹೊಸ ಕಾರು ತಂದ ದಿನ ನಾನು "ಬಸ್ ಇರ್ಲಿಲ್ವಾ?" ಎಂದುಬಿಟ್ಟೆ. ಆದರೂ ತವರಿಗೆ ಹೋಗುವಾಗ ನೀನು ಕೀಲಿಯನ್ನು ನನ್ನ ಕೈಗೇ ಕೊಟ್ಟೆ. "ಮಾವ, ಕವರ್ ಹಾಕಿಟ್ರೆ ಸಾಕು, ಇನ್ನೇನೂ ಮಾಡ್ಬೇಡಿ" ಎಂದೆ. ಆ ಕೊನೆಯ ಮಾತು ಚುಚ್ಚಿತು ನೋಡು! ಮೂವತ್ತೆರಡು ವರ್ಷ ಕಾರ್ಖಾನೆಯಲ್ಲಿ ಯಂತ್ರಗಳನ್ನು ತಪಾಸಣೆ ಮಾಡಿ, ತುಕ್ಕು ಹಿಡಿಯದ ಹಾಗೆ ಎಣ್ಣೆ ಬಳಿಸಿ, ಹಡಗು ಹತ್ತಿಸಿದವನು ನಾನು. ನನಗೆ ಬರೀ ಕವರಾ?

ಅಟ್ಟದಲ್ಲಿದ್ದ ಅದೇ ಎಣ್ಣೆಯ ಡಬ್ಬ ಇಳಿಸಿ, ನಿನ್ನ ಕೆಂಪು ಕಾರಿನ ಮೈತುಂಬ ಬಳಿದೆ. ಎಂಥಾ ಹೊಳಪು ಅಂತೀಯ! ಕವರನ್ನು ಮಡಿಸಿ ಒಳಗಿಟ್ಟೆ. ಪಕ್ಕದ ಮನೆ ನರಸಿಂಹಯ್ಯನವರ ಬೂರುಗದ ಮರದ ಕಾಯಿಗಳು ಅವತ್ತೇ ಒಡೆಯಬೇಕೇ? ಊಟ ಮಾಡಿ ಎದ್ದು ಬರುವಷ್ಟರಲ್ಲಿ ಹತ್ತಿಯೆಲ್ಲ ಹಾರಿ ಬಂದು ಅಂಟಿಕೊಂಡು, ಗೇಟಿನೊಳಗೆ ದೊಡ್ಡ ಕುರಿಯೊಂದು ನಿಂತ ಹಾಗಿತ್ತು. ನಿನ್ನ ಅತ್ತೆ ನೋಡಿ, "ಅಯ್ಯೋ, ಬೇಸಿಗೇಲಿ ಕಾರಿಗೆ ಸ್ವೆಟರ್ ಹಾಕಿದೀರಲ್ರೀ!" ಎಂದಳು. ನಗಲಿಲ್ಲ. ಅದೇ ನನಗೆ ಭಯವಾದದ್ದು.

ಸೋಪಿನ ನೀರಿಗೆ ಹತ್ತಿ ಜಗ್ಗಲಿಲ್ಲ. ಕೊನೆಗೆ ಅವಳೇ ಸೆರಗು ಸಿಕ್ಕಿಸಿ, "ಎಣ್ಣೆ ಹಚ್ಚಿದ್ಮೇಲೆ ನೀರು ಹಾಕ್ಲೇಬೇಕಲ್ಲ, ಬನ್ನಿ" ಎಂದು ಹಂಡೆಯಲ್ಲಿ ಬಿಸಿನೀರು ಕಾಯಿಸಿ, ಸೀಗೆಪುಡಿಯನ್ನು ತೆಳುಬಟ್ಟೆಯಲ್ಲಿ ಸೋಸಿ ಕಲಸಿದಳು. ಎರಡು ದಿನ ನಾನು ಉಜ್ಜಿದೆ, ಅವಳು ಎರೆದಳು. ನಾಲ್ಕನೇ ಸಲಕ್ಕೆ ಕೆಂಪು ಬಣ್ಣ ಕಂಡಾಗ ನನ್ನ ಕಣ್ಣಲ್ಲಿ ನೀರು ಬಂತಮ್ಮ. ಅದರಲ್ಲಿ ಸೀಗೆಪುಡಿಯ ಪಾಲೂ ಇರಬಹುದು. ಎಡ ಬಾಗಿಲಲ್ಲಿ ಮಾತ್ರ ನನ್ನ ಉಂಗುರ ತಾಗಿ ಒಂದು ಗೀರು ಬಿದ್ದಿದೆ.

ನಿನ್ನ ಕಾರು ನೋಡಿ ನನಗೆ ಹೆಮ್ಮೆಯಾಗಿತ್ತು ಭಾವನಾ. ಹೊಗಳಿ ಅಭ್ಯಾಸವಿಲ್ಲದ ಬಾಯಿ ಇದು, ಬಸ್ಸಿನ ಮಾತು ಆಡಿಬಿಟ್ಟಿತು. ನೀನು ಇನ್ನೊಮ್ಮೆ ಕೀಲಿ ಕೊಡುತ್ತೀಯೋ ಇಲ್ಲವೋ ಎಂಬುದೇ ಈಗ ಚಿಂತೆ.

ಕಾರ್ಖಾನೆಯಲ್ಲಿ ನಾನು ಹಸಿರು ಚೀಟಿ ಕಟ್ಟಿದರೆ ಯಂತ್ರ ಪಾಸು, ಕೆಂಪು ಕಟ್ಟಿದರೆ ವಾಪಸು. ಕಾರಿನ ಕನ್ನಡಿಗೆ ಹಸಿರು ಕಟ್ಟಿದ್ದೇನೆ. ಅದರಲ್ಲಿ ನಿಯಮದ ಪ್ರಕಾರ ಬರೆದಿದ್ದೇನೆ: "ದೋಷ: ಎಡ ಬಾಗಿಲಲ್ಲಿ ಒಂದು ಗೀರು. ಕಾರಣ: ಮಾವ."

ನೀನೂ ನಿನ್ನ ಗಾಡಿಯೂ ಇನ್ನೊಂದು ಗೀರು ಬೀಳದೆ ನೂರು ಕಾಲ ಓಡಾಡಿಕೊಂಡಿರಿ. ಈ ಕಾಗದದ ಜೊತೆ ಒಂದು ಹಸಿರು, ಒಂದು ಕೆಂಪು ಚೀಟಿ ಇಟ್ಟಿದ್ದೇನೆ. ವರಾಂಡದಲ್ಲೇ ಕೂತಿರುತ್ತೇನೆ. ಯಾವುದಾದರೂ ಒಂದನ್ನು ತಂದು ನನಗೆ ಕಟ್ಟು.

ತಪಾಸಣೆಗೆ ಸಿದ್ಧನಾಗಿರುವ ನಿನ್ನ ಮಾವ,
ಶ್ಯಾಮಸುಂದರ